ಹಿಡಿದು ಬಿಟ್ಟರೆ ಅಹಿಂಸೆಯಾಗುವುದೆ?

"ಮೀನನ್ನು ಕೊಲ್ಲುವುದಿಲ್ಲ; ತಿನ್ನುವ ಮಾತಂತೂ ಇಲ್ಲವೇ ಇಲ್ಲ. ಹಿಡಿದು, ಕ್ಷಣಕಾಲ ಕಣ್ತುಂಬ ನೋಡಿ, ಮತ್ತೆ ನೀರಿಗೇ ಬಿಟ್ಟುಬಿಡುತ್ತಾರೆ. ಇದರಲ್ಲಿ ಹಿಂಸೆ ಎಲ್ಲಿ ಬಂತು?" ಅಮೆರಿಕದ ವಾಯವ್ಯ ಕರಾವಳಿಯ ಸಿಯಾಟಲ್, ಪೋರ್ಟ್‌ಲ್ಯಾಂಡ್ ನಗರಗಳಲ್ಲಿ ನೆಲೆಸಿದ ಶ್ರಾವಕ ಕುಟುಂಬದ ಹುಡುಗನೊಬ್ಬ ರಜೆಗೆ ಊರಿಗೆ ಬಂದಾಗ ಅಜ್ಜನ ಮುಂದೆ ಇಂಥ ಪ್ರಶ್ನೆಯನ್ನಿಟ್ಟರೆ ಆಶ್ಚರ್ಯಪಡಬೇಕಾದುದಿಲ್ಲ. ಆ ಸೀಮೆಯಲ್ಲಿ ಹೊಳೆಗೆ ಗಾಳ ಹಾಕುವುದು ಶಾಲೆಯ ಗೆಳೆತನ, ಕಚೇರಿಯ ಸಹವಾಸಗಳೊಡನೆ ತಾನಾಗಿ ಬರುವ ಹವ್ಯಾಸ. ಮಾಂಸದ ಊಟಕ್ಕೆ ಕರೆದವರಿಗೆ ಕೈಮುಗಿದು "ಒಲ್ಲೆ" ಎನ್ನುವುದು ಜೈನ ಮನೆತನದ ಹುಡುಗನಿಗೆ ಕಷ್ಟವಲ್ಲ. ದಯೆಯ ಹೆಸರಿನಲ್ಲಿಯೇ ಬರುವ ಕರೆಯನ್ನು ನಿರಾಕರಿಸುವುದು ಕಷ್ಟ. ಅಜ್ಜನೂ ಉತ್ತರಕ್ಕೆ ತಡವರಿಸಿದರೆ ಹುಡುಗ ಆ ಮೌನವನ್ನು ಒಪ್ಪಿಗೆಯೆಂದೇ ತಿಳಿಯುತ್ತಾನೆ.

ಆದುದರಿಂದ ಈ ಆಟವನ್ನು ದೂರದಿಂದಲೇ ಹಳಿಯದೆ, ಅದರ ಅತ್ಯುತ್ತಮ ರೂಪದಲ್ಲಿಯೇ ಪರೀಕ್ಷಿಸುವುದು ಉಚಿತ. ಗಾಳಗಾರಿಕೆಯಲ್ಲಿ ಶ್ರೇಷ್ಠವೆಂದು ಅದರ ಭಕ್ತರು ಕೊಂಡಾಡುವುದು ಚಳಿಗಾಲದ ಸ್ಟೀಲ್‌ಹೆಡ್ ಮೀನಿಗೆ ಕೃತಕ ನೊಣದಿಂದ ಹಾಕುವ ಗಾಳವನ್ನು. ಇಂಗ್ಲಿಷರು ಇದಕ್ಕೆ ಫ್ಲೈ ಫಿಶಿಂಗ್ ಎನ್ನುತ್ತಾರೆ.

ಸ್ಟೀಲ್‌ಹೆಡ್ ಬೇರೆಯೇ ಒಂದು ಜಾತಿಯ ಮೀನಲ್ಲ. ತೊರೆಗಳಲ್ಲಿ ವಾಸಿಸುವ ರೇನ್‌ಬೋ ಟ್ರೌಟ್‌ನ ಕುಲವೇ ಅದು. ವಿಜ್ಞಾನಿಗಳು ಎರಡಕ್ಕೂ ಓಂಕೋರಿಂಕಸ್ ಮೈಕಿಸ್ ಎಂಬ ಒಂದೇ ಹೆಸರನ್ನಿಟ್ಟಿದ್ದಾರೆ. ಹೊಳೆಯಲ್ಲಿ ಹುಟ್ಟಿ, ಕೆಲವು ವರ್ಷ ಅಲ್ಲಿಯೇ ಬೆಳೆದು, ಪೆಸಿಫಿಕ್ ಸಾಗರಕ್ಕಿಳಿದು, ಅಲ್ಲಿ ಮೈತುಂಬಿಕೊಂಡು, ಕೊನೆಗೆ ಹುಟ್ಟಿದ ಹೊಳೆಯನ್ನೇ ಹುಡುಕಿಕೊಂಡು ಮೊಟ್ಟೆಯಿಡಲು ಮರಳುವ ಟ್ರೌಟಿಗೆ ಈ ಹೆಸರು. ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್, ಸಾಕ್, ಹೋ, ಕ್ವೀಟ್ಸ್ ನದಿಗಳಿಗೂ ಆರೆಗಾನಿನ ಸ್ಯಾಂಡಿ ಮುಂತಾದ ನದಿಗಳಿಗೂ ನವೆಂಬರಿನಿಂದ ಏಪ್ರಿಲ್‌ವರೆಗೆ ಬರುವವು ಚಳಿಗಾಲದ ಸ್ಟೀಲ್‌ಹೆಡ್‌ಗಳು. ಬೇಸಿಗೆಯಲ್ಲಿ ಬರುವ ಅವುಗಳ ಬಂಧುಗಳು ಹೊಳೆಯಲ್ಲಿ ತಿಂಗಳುಗಟ್ಟಲೆ ಕಾಯುತ್ತವೆ. ಚಳಿಗಾಲದವು ಬಹುಮಟ್ಟಿಗೆ ಬಲಿತ ಮೊಟ್ಟೆಗಳನ್ನು ಹೊತ್ತೇ ಬರುತ್ತವೆ. ಪೆಸಿಫಿಕ್ ಸಾಲ್ಮನ್‌ಗಳು ಮೊಟ್ಟೆಯಿಟ್ಟೊಡನೆ ಸಾಯುತ್ತವೆ. ಸ್ಟೀಲ್‌ಹೆಡ್‌ಗಳಲ್ಲಿ ಕೆಲವು ಬದುಕಿ, ಕಡಲಿಗೆ ಹಿಂದಿರುಗಿ, ಇನ್ನೊಮ್ಮೆ ಬರುತ್ತವೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕಡಲಿನಿಂದ ಹೊಳೆಗೆ ಏರಿದ ಮೇಲೆ ಈ ಮೀನು ಆಹಾರವನ್ನು ಹೆಚ್ಚುಕಡಿಮೆ ಬಿಟ್ಟೇಬಿಡುತ್ತದೆ. ಮೈಯಲ್ಲಿ ಕೂಡಿಟ್ಟ ಕೊಬ್ಬಿನ ಬಲದಿಂದಲೇ ಪ್ರವಾಹಕ್ಕೆದುರಾಗಿ ಈಜಿ, ಸಂತಾನಕಾರ್ಯವನ್ನು ಮುಗಿಸಬೇಕು. ಹಸಿವಿಲ್ಲದ ಮೀನು ಗಾಳವನ್ನು ಏಕೆ ಕಚ್ಚುತ್ತದೆಂಬುದಕ್ಕೆ ಗಾಳಗಾರರಲ್ಲಿಯೇ ಒಮ್ಮತವಿಲ್ಲ. ಸಿಟ್ಟೆಂದು ಕೆಲವರು, ಕುತೂಹಲವೆಂದು ಕೆಲವರು, ಕಡಲಿನ ದಿನಗಳ ಅಭ್ಯಾಸಬಲವೆಂದು ಮತ್ತೆ ಕೆಲವರು. ಕಾರಣ ಯಾವುದಾದರೂ ಇರಲಿ, ತನ್ನ ಪಾಡಿಗೆ ತಾನು ನಿರಾಹಾರವಾಗಿ ನದಿಯ ತಳದಲ್ಲಿ ನಿಂತಿರುವ ಗರ್ಭಭಾರದ ಪ್ರಾಣಿಯೊಂದನ್ನು ಕೆಣಕಿ ಕೆರಳಿಸಿ ಬಾಯಿ ತೆರೆಸುವುದೇ ಈ ಕಲೆಯ ಸಾರ ಎಂಬುದರಲ್ಲಿ ಸಂದೇಹವಿಲ್ಲ.

ಇನ್ನು ಆ ಕೃತಕ ನೊಣ. ಹೆಸರು ನೊಣವಾದರೂ ಚಳಿಗಾಲದ ಸ್ಟೀಲ್‌ಹೆಡ್‌ಗೆ ಕಟ್ಟುವುದು ನೊಣದಂತಿರುವುದಿಲ್ಲ. ಬೆರಳುದ್ದದ ಜಿಗಣೆಯಂತೆಯೋ ಮೀನಿನ ಮೊಟ್ಟೆಗಳ ಗೊಂಚಲಿನಂತೆಯೋ ಇರುತ್ತದೆ. ಬಣ್ಣ ನಸುಗೆಂಪು, ಕಿತ್ತಳೆ, ನೇರಳೆ, ಇಲ್ಲವೆ ಕಪ್ಪು. ಮೇಜಿನ ಅಂಚಿಗೆ ಬಿಗಿದ ಪುಟ್ಟ ವೈಸಿನಲ್ಲಿ ಕೊಕ್ಕೆಯನ್ನು ಸಿಕ್ಕಿಸಿ, ದಾರ ಸುತ್ತಿ, ತಳಕ್ಕೆ ಮುಳುಗಲೆಂದು ಲೋಹದ ಎರಡು ಗುಂಡುಗಳನ್ನು ಕಣ್ಣಿನಂತೆ ಕಟ್ಟಿ, ಮೊಲದ ತುಪ್ಪುಳುಸಹಿತ ತೊಗಲಿನ ಒಂದು ಪಟ್ಟಿಯನ್ನು ಬಾಲದಂತೆ ಇಳಿಬಿಟ್ಟು, ಟರ್ಕಿ ಕೋಳಿಯ ಮೆದುಗರಿಯನ್ನೋ ಹುಂಜದ ಕತ್ತಿನ ಗರಿಯನ್ನೋ ಸುತ್ತಿ, ಗಂಟು ಹಾಕಿ ಅಂಟು ಸವರಿದರೆ ಮುಗಿಯಿತು. ಸರಳವಾದ ಮಾದರಿಯನ್ನು ಕೈ ಪಳಗಿದವರು ಕೆಲವೇ ನಿಮಿಷಗಳಲ್ಲಿ ಕಟ್ಟುತ್ತಾರೆ. ಮಳೆಗಾಲದ ರಾತ್ರಿಗಳಲ್ಲಿ ತಂದೆ ಮಕ್ಕಳು ದೀಪದ ಕೆಳಗೆ ಕುಳಿತು ಇದನ್ನು ಕಟ್ಟುವ ನೋಟ ಚೆಲುವಾಗಿಯೇ ಇರುತ್ತದೆ. ಕಸೂತಿಯಷ್ಟೇ ಸೂಕ್ಷ್ಮವಾದ ಕೈಕೆಲಸವಾದ್ದರಿಂದ ಮಕ್ಕಳ ಏಕಾಗ್ರತೆಗೆ ಒಳ್ಳೆಯದೆಂದು ಕೊಡಿಸುವ ತಾಯಂದಿರೂ ಇರಬಹುದು.

ಆದರೆ ಆ ಪೆಟ್ಟಿಗೆಯನ್ನು ತೆರೆದು ನೋಡಬೇಕು. ಮೊಲದ ಪಟ್ಟಿ ಮೊಲದ ಚರ್ಮ. ಟರ್ಕಿಯ ಗರಿ ಕಸಾಯಿಖಾನೆಯದು. ಉತ್ತಮ ದರ್ಜೆಯ ಹುಂಜದ ಗರಿಗಾಗಿಯೇ ಅಮೆರಿಕದಲ್ಲಿ ವಿಶೇಷ ತಳಿಯ ಹುಂಜಗಳನ್ನು ಬೆಳೆಸಿ, ಗರಿ ಬಲಿತಾಗ ಕೊಂದು, ಕತ್ತು ಮತ್ತು ಬೆನ್ನಿನ ತೊಗಲನ್ನು ಸುಲಿದು ಮಾರುತ್ತಾರೆ. ಇಂಥ ಗರಿಯನ್ನು ಹೆಂಗಸರು ಕೂದಲಿಗೆ ಸಿಕ್ಕಿಸಿಕೊಳ್ಳುವ ಶೋಕಿ 2011ರಲ್ಲಿ ಹಬ್ಬಿದಾಗ ಬೆಲೆ ಗಗನಕ್ಕೇರಿ ಗಾಳಗಾರರು ಗೊಣಗಿದ್ದುಂಟು. ಭಾರತದಿಂದ ಹೋಗುವ ಅಗ್ಗದ ಹುಂಜದ ತೊಗಲುಗಳಿಗೂ ಆ ಪೇಟೆಯಲ್ಲಿ ಬಹುಕಾಲದಿಂದ ಹೆಸರಿದೆ. ಸಹ್ಯಾದ್ರಿಯ ಬೂದು ಕಾಡುಕೋಳಿಯ ಕತ್ತಿನಲ್ಲಿ ಮೇಣದ ಬೊಟ್ಟಿಟ್ಟಂತೆ ಹೊಳೆಯುವ ಗರಿಗಳು ಬ್ರಿಟಿಷರ ಕಾಲದಲ್ಲಿ ಕಟ್ಟುಕಟ್ಟಾಗಿ ಹಡಗೇರಿದ್ದು ಈ ನೊಣಗಳ ಕಣ್ಣಾಗಲಿಕ್ಕಾಗಿಯೇ. ಆ ರಫ್ತು ಈಗ ನಿಂತಿದೆ; ಹೊರದೇಶಗಳಲ್ಲಿ ಸಾಕಿದ ಕಾಡುಕೋಳಿಗಳಿಂದ ಬೇಡಿಕೆ ಪೂರೈಕೆಯಾಗುತ್ತಿದೆ. ನವಿಲುಗರಿಯ ಎಳೆಗಳಂತೂ ಪ್ರತಿಯೊಬ್ಬ ಗಾಳಗಾರನ ಪೆಟ್ಟಿಗೆಯಲ್ಲಿಯೂ ಇದ್ದೇ ಇರುತ್ತವೆ. ನವಿಲು ತಾನಾಗಿ ಉದುರಿಸಿದ ಗರಿಗಳನ್ನು ಆಯ್ದು ಕಟ್ಟಿದ ಪಿಂಛಿಯನ್ನು ದಿಗಂಬರ ಮುನಿಗಳು ಕೂರುವ ನೆಲದ ಮೇಲಿನ ಇರುವೆಗೂ ನೋವಾಗದಂತೆ ಸರಿಸಲು ಬಳಸುತ್ತಾರೆ. ಅದೇ ಗರಿಯ ಎಳೆ ಅಲ್ಲಿ ಕೊಕ್ಕೆಗೆ ಉಡಿಸುವ ಸೀರೆ.

ಕನ್ನಡ ಜೈನರಿಗೆ ಕೃತಕ ಪ್ರಾಣಿಯ ವಿಚಾರ ಹೊಸತಲ್ಲ. ಜನ್ನನ 'ಯಶೋಧರ ಚರಿತೆ'ಯಲ್ಲಿ ರಾಜನು ಬಲಿ ಕೊಟ್ಟದ್ದು ಹಿಟ್ಟಿನ ಹುಂಜವನ್ನು. ರಕ್ತದ ಹನಿಯೂ ಬೀಳಲಿಲ್ಲ. ಆದರೂ ಕೊಲ್ಲುವ ಸಂಕಲ್ಪ ನಿಜವಾಗಿದ್ದುದರಿಂದ ಆ ತಾಯಿಮಕ್ಕಳು ಜನ್ಮಜನ್ಮಾಂತರಗಳಲ್ಲಿ ಪಶುಪಕ್ಷಿಗಳಾಗಿ ತೊಳಲಿದರು. ಆ ಭವಗಳಲ್ಲಿ ಒಂದು ಮೀನಿನದು ಎಂಬುದನ್ನು ಇಲ್ಲಿ ನೆನೆಯಬಹುದು. ಕಥೆಯಲ್ಲಿ ಹುಂಜ ಹುಸಿ, ಸಂಕಲ್ಪ ದಿಟ. ಗಾಳದ ನೊಣದಲ್ಲಿ ನೊಣ ಹುಸಿ, ಹುಂಜದ ಗರಿ ದಿಟ, ಕೊಕ್ಕೆ ದಿಟ, ಮೀನಿನ ದವಡೆ ದಿಟ.

ಹೊಳೆಯ ಬದಿಯ ದೃಶ್ಯವನ್ನೂ ನ್ಯಾಯವಾಗಿಯೇ ಹೇಳಬೇಕು. ಜನವರಿಯ ನೀರು ಹೆಪ್ಪುಗಟ್ಟಲು ಕೆಲವೇ ಡಿಗ್ರಿ ಬಾಕಿ. ಚಳಿಗೆ ಜಡವಾದ ಮೀನು ತಳ ಬಿಟ್ಟು ಮೇಲೇಳದು. ಗಾಳಗಾರ ಸೊಂಟದುದ್ದದ ಪ್ರವಾಹದಲ್ಲಿ ನಿಂತು, ಹನ್ನೆರಡು ಹದಿಮೂರು ಅಡಿಯ ಕೋಲನ್ನು ಎರಡೂ ಕೈಗಳಿಂದ ಬೀಸಿ, ಸ್ಕಾಟ್ಲೆಂಡಿನ ಸ್ಪೇ ನದಿಯಲ್ಲಿ ಹುಟ್ಟಿದ ಪದ್ಧತಿಯಂತೆ ಭಾರದ ದಾರವನ್ನು ಆಚೆ ದಡದ ಕಡೆಗೆ ಎಸೆದು, ಅದು ಮುಳುಗಿ ನಿಧಾನವಾಗಿ ಈಚೆಗೆ ತೇಲಿ ಬರುವವರೆಗೆ ಕಾಯುತ್ತಾನೆ. ಒಂದು ಹೆಜ್ಜೆ ಇಳಿದು ಮತ್ತೆ ಎಸೆಯುತ್ತಾನೆ. ಸಾವಿರ ಎಸೆತಕ್ಕೊಂದು ಮೀನೆಂಬ ಗಾದೆಯೇ ಅಲ್ಲಿದೆ. ದಿನಗಟ್ಟಲೆ ಏನೂ ಸಿಗದೆ ನಡುಗುತ್ತ ಮನೆಗೆ ಮರಳುವವರು ಅನೇಕರು. ಈ ತಾಳ್ಮೆಯನ್ನು ತಪಸ್ಸೆಂದು ಬಣ್ಣಿಸುವವರಿದ್ದಾರೆ. ಶೀತಪರೀಷಹವನ್ನು ಸಹಿಸುವುದರಲ್ಲಿ ಮಹತ್ವವಿದೆ, ನಿಜ. ಕೊಕ್ಕರೆಯೂ ಒಂಟಿಕಾಲಿನಲ್ಲಿ ತಾಳ್ಮೆಯಿಂದಲೇ ನಿಂತಿರುತ್ತದೆ.

ಕೊನೆಗೊಮ್ಮೆ ದಾರ ಬಿಗಿಯುತ್ತದೆ. ನಾಲ್ಕೈದು ಕಿಲೋ ತೂಗುವ ಮೀನು ನೆಗೆಯುತ್ತದೆ, ಓಡುತ್ತದೆ, ಉಸಿರು ಕಟ್ಟಿ ಸೋಲುತ್ತದೆ. ಈ ಹೋರಾಟವನ್ನೇ ಗಾಳಗಾರ ಬಯಸಿ ಬಂದದ್ದು. ಮೀನು ಸುಮ್ಮನೆ ಬಂದು ಕೈಸೇರಿದ್ದರೆ ಅವನಿಗೆ ನಿರಾಶೆ. ಜೀವವೊಂದು ಪ್ರಾಣಭಯದಿಂದ ಒದ್ದಾಡುವುದು ಇವನ ಕೈಗೆ ತಿಳಿಯುವ ಆ ಮಿಡಿತವೇ ಸುಖ. ಹಿಂಸೆಯಲ್ಲಿ ಆನಂದಪಡುವುದನ್ನು ಶಾಸ್ತ್ರಕಾರರು ರೌದ್ರಧ್ಯಾನದ ಮೊದಲ ಭೇದವಾಗಿ ಎಣಿಸಿದ್ದಾರೆ. ನೋವಿನಲ್ಲಿ ತನಗೆ ಆನಂದವಿಲ್ಲ, ಮೀನಿನ ಶಕ್ತಿಯಲ್ಲಿ ಮಾತ್ರ ಎಂದು ಆತ ಹೇಳಬಹುದು. ಆ ಶಕ್ತಿ ಪ್ರಕಟವಾಗುವುದು ಕೊಕ್ಕೆ ನಾಟಿದ ಮೇಲೆ.

"ಮೀನಿಗೆ ನೋವಾಗುವುದೆ?" ಎಂಬ ಚರ್ಚೆ ಪಶ್ಚಿಮದಲ್ಲಿ ಬಹುಕಾಲ ನಡೆಯಿತು. 2003ರಲ್ಲಿ ಲಿನ್ ಸ್ನೆಡ್ಡನ್ ಮತ್ತು ಸಂಗಡಿಗರು ಎಡಿನ್‌ಬರೋದಲ್ಲಿ ಇದೇ ರೇನ್‌ಬೋ ಟ್ರೌಟಿನ ತಲೆ ಮತ್ತು ಮುಖದ ಮೇಲೆ 58 ಸಂವೇದನಾಸ್ಥಾನಗಳನ್ನು ಪರಿಶೀಲಿಸಿ, ಅವುಗಳಲ್ಲಿ 22 ನೋವಿನ ಪ್ರಚೋದನೆಯನ್ನು ಗ್ರಹಿಸುವಂಥವು ಎಂದು ತೋರಿಸಿದರು. ತುಟಿಗೆ ಆಮ್ಲ ಚುಚ್ಚಿದ ಮೀನುಗಳು ತೂಗಾಡಿದವು, ತುಟಿಯನ್ನು ತಳದ ಕಲ್ಲಿಗೆ ಉಜ್ಜಿಕೊಂಡವು, ಬಹಳ ಹೊತ್ತು ಆಹಾರ ಮುಟ್ಟಲಿಲ್ಲ. ಮೀನಿನ ಮಿದುಳಿನಲ್ಲಿ ಮನುಷ್ಯನ ಮಿದುಳಿನ ಹೊರಪದರವಿಲ್ಲವಾದುದರಿಂದ ಅದಕ್ಕೆ ನೋವಿನ ಅರಿವಿಲ್ಲವೆಂದು ಜೇಮ್ಸ್ ರೋಸ್ ಮೊದಲಾದವರು ವಾದಿಸಿದರು. ಮೀನಿನ ನೋವನ್ನು ಅರಿಯಲು ಮೀನನ್ನೇ ಚುಚ್ಚಬೇಕಾದ ವಿಪರ್ಯಾಸ ಹಾಗಿರಲಿ, ಮೀನನ್ನು ಪಂಚೇಂದ್ರಿಯ ತಿರ್ಯಂಚ ಜೀವಿಯೆಂದು ತಿಳಿದ ಶ್ರಾವಕನು ಈ ವಾದದ ತೀರ್ಪಿಗಾಗಿ ಕಾಯಬೇಕಾಗಿಲ್ಲ.

ಬಿಟ್ಟ ಮೀನು ಬದುಕುತ್ತದೆಯೆ? ಬಹುತೇಕ ಬದುಕುತ್ತದೆ; ಇದನ್ನು ಒಪ್ಪಲೇಬೇಕು. ಚಳಿಗಾಲದ ತಣ್ಣೀರಿನಲ್ಲಿ, ನುರಿತವರ ಕೈಯಲ್ಲಿ ಸಾಯುವುದು ನೂರಕ್ಕೆ ಕೆಲವೇ. ಕೊಕ್ಕೆಯ ತುದಿಯಲ್ಲಿ ಹಿಮ್ಮುಖವಾಗಿ ನಿಲ್ಲುವ ಮುಳ್ಳು ಇರಕೂಡದು, ಬಿಡಬೇಕಾದ ಕಾಡು ಸ್ಟೀಲ್‌ಹೆಡ್ಡನ್ನು ಪೂರ್ಣವಾಗಿ ನೀರಿನಿಂದ ಮೇಲೆತ್ತಕೂಡದು ಎಂಬ ನಿಯಮಗಳು ವಾಷಿಂಗ್ಟನ್ನಿನಲ್ಲಿವೆ. ಇವುಗಳಿಗೆ ಕಾರಣವುಂಟು. ಕೆನಡಾದ ಫರ್ಗುಸನ್ ಮತ್ತು ಟಫ್ಟ್ಸ್ 1992ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದಣಿಸಿದ ಟ್ರೌಟುಗಳಲ್ಲಿ ನೂರಕ್ಕೆ 12 ಸತ್ತರೆ, ದಣಿಸಿದ ಮೇಲೆ ಅರ್ಧ ನಿಮಿಷ ಗಾಳಿಯಲ್ಲಿ ಹಿಡಿದವುಗಳಲ್ಲಿ 38, ಒಂದು ನಿಮಿಷ ಹಿಡಿದವುಗಳಲ್ಲಿ 72 ಸತ್ತವು. ಅದು ಪ್ರಯೋಗಶಾಲೆಯ ಕಠಿಣ ಪರಿಸ್ಥಿತಿ. ಹೊಳೆಗೆ ಅದೇ ಅಂಕಿಯನ್ನು ಅನ್ವಯಿಸುವುದು ಅನ್ಯಾಯ. ಛಾಯಾಚಿತ್ರಕ್ಕಾಗಿ ಮೀನನ್ನು ಎದೆಮಟ್ಟಕ್ಕೆ ಎತ್ತಿ ನಗುವ ಆ ಅರ್ಧ ನಿಮಿಷದ ಬೆಲೆಯೇನೆಂಬುದು ಮಾತ್ರ ಅದರಿಂದ ತಿಳಿಯುತ್ತದೆ.

ವಾದಕ್ಕಾಗಿ ಒಂದು ಮೀನೂ ಸಾಯುವುದಿಲ್ಲವೆಂದೇ ಇಟ್ಟುಕೊಳ್ಳೋಣ. ಆಗಲೂ ಹುಡುಗನ ಪ್ರಶ್ನೆಗೆ ಉತ್ತರ ಬದಲಾಗದು. ಕೊಲ್ಲದಿರುವುದೇ ಅಹಿಂಸೆಯೆಂದು ಯಾವ ಆಚಾರ್ಯರೂ ಹೇಳಿಲ್ಲ. 'ತತ್ತ್ವಾರ್ಥಸೂತ್ರ'ವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೆಸರಿಸುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟುವುದು, ಹೊಡೆಯುವುದು, ಅಂಗವನ್ನು ಭೇದಿಸುವುದು, ಮಿತಿಮೀರಿದ ಭಾರ ಹೊರಿಸುವುದು, ಅನ್ನನೀರು ತಡೆಯುವುದು. ಇಲ್ಲಿಯ ವಧಕ್ಕೆ ಹೊಡೆತವೆಂದೇ ವ್ಯಾಖ್ಯಾನಕಾರರು ಅರ್ಥ ಹೇಳಿದ್ದಾರೆ. ಐದರಲ್ಲಿ ಒಂದೂ ಕೊಲೆಯಲ್ಲ ಎಂಬುದನ್ನು ನೋಡಬೇಕು. ಐದೂ ಬದುಕಿರುವ ಪ್ರಾಣಿಗೆ ಮಾಡುವ ಉಪದ್ರವಗಳು. ದವಡೆಗೆ ನಾಟುವ ಕೊಕ್ಕೆ ಛೇದವಲ್ಲವೆ? ಬಿಗಿದೆಳೆಯುವ ದಾರ ಬಂಧವಲ್ಲವೆ? ಕಡಲಿನಿಂದ ಕೂಡಿಟ್ಟುಕೊಂಡು ಬಂದ ಬಲವನ್ನು ಮೊಟ್ಟೆಯಿಡುವ ಮೊದಲೇ ದಡದ ಮನುಷ್ಯನ ಸಂತೋಷಕ್ಕಾಗಿ ವ್ಯಯ ಮಾಡಿಸುವುದು ಭಾರಾರೋಪಣವಲ್ಲವೆ? ನೀರೇ ಉಸಿರಾದ ಜೀವಿಯನ್ನು ಗಾಳಿಗೆತ್ತಿದರೆ ತಡೆದದ್ದು ಅನ್ನಪಾನಕ್ಕಿಂತಲೂ ದೊಡ್ಡದನ್ನು.

ಹಿಂಸೆಯನ್ನು ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ನಾಲ್ಕಾಗಿ ವಿಂಗಡಿಸುವ ಪದ್ಧತಿ ಶ್ರಾವಕರಿಗೆ ಪರಿಚಿತ. ಮೊದಲ ಮೂರರಲ್ಲಿ ಗೃಹಸ್ಥನಿಗೆ ಅನಿವಾರ್ಯತೆಯ ಮಿತಿಯುಂಟು; ಸಂಕಲ್ಪೀ ಹಿಂಸೆಗೆ ರಿಯಾಯಿತಿಯಿಲ್ಲ. ಅದೇ ಹೊಳೆಗಳಲ್ಲಿ ಕ್ವಿನಾಲ್ಟ್, ಹೋ, ಕ್ವಿಲೀಟ್ ಮುಂತಾದ ಮೂಲನಿವಾಸಿ ಜನ ತಲೆತಲಾಂತರದಿಂದ ಬಲೆಯಿಂದ ಮೀನು ಹಿಡಿಯುತ್ತಾರೆ. 1850ರ ದಶಕದ ಒಪ್ಪಂದಗಳ ಪ್ರಕಾರ ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಅವರದೆಂದು ನ್ಯಾಯಾಧೀಶ ಜಾರ್ಜ್ ಬೋಲ್ಟ್ 1974ರಲ್ಲಿ ತೀರ್ಪಿತ್ತರು. ಅವರದೂ ಹಿಂಸೆಯೇ, ಅದನ್ನು ಹೊಗಳಬೇಕಾಗಿಲ್ಲ. ಆದರೆ ಅದರ ಬೇರು ಹೊಟ್ಟೆಯಲ್ಲಿದೆ. ಹಿಡಿದು ಬಿಡುವುದನ್ನು ಅನ್ನದೊಡನೆ ಆಡುವ ಆಟವೆಂದು ಮೂಲನಿವಾಸಿಗಳಲ್ಲಿ ಹಲವರು ಆಕ್ಷೇಪಿಸಿರುವುದುಂಟು. ಮೀನುಗಾರಿಕೆಯಿಂದ ಹಸಿವನ್ನು ಕಳೆದರೆ ಉಳಿಯುವುದು ದಯೆಯೆಂದು ಗಾಳದ ಭಕ್ತರು ಭಾವಿಸಿದ್ದಾರೆ. ಹಸಿವನ್ನು ಕಳೆದ ಮೇಲೆ ಉಳಿಯುವುದು ಅಪ್ಪಟ ಸಂಕಲ್ಪ. ಜೈನ ತೂಕದ ಕಟ್ಟೆಯಲ್ಲಿ ಬಲೆಯ ಬೆಸ್ತನಿಗಿಂತ ಹಿಡಿದು ಬಿಡುವ ವಿನೋದಿಯ ತಟ್ಟೆಯೇ ಕೆಳಗಿಳಿಯುತ್ತದೆ ಎಂದರೆ ಕೇಳುವವರಿಗೆ ಕಹಿಯಾದೀತು. ಜೈನರಲ್ಲದ ಸ್ವಿಸ್ ಜನರೂ ಇಲ್ಲಿಗೇ ಬಂದು ಮುಟ್ಟಿದ್ದಾರೆ: ಬಿಡುವ ಉದ್ದೇಶದಿಂದಲೇ ಮೀನು ಹಿಡಿಯಲು ಹೊರಡುವುದನ್ನು ಅವರ 2008ರ ಪ್ರಾಣಿ ಸಂರಕ್ಷಣಾ ನಿಯಮಾವಳಿ ನಿಷೇಧಿಸಿದೆ.

ಶಾಸ್ತ್ರ ಬಲ್ಲ ಪ್ರತಿವಾದಿಯೊಬ್ಬ ಮೃಗಸೇನ ಧೀವರನ ಕಥೆಯನ್ನು ಮುಂದಿಡಬಹುದು. ಸೋಮದೇವ ಸೂರಿಯ 'ಯಶಸ್ತಿಲಕ ಚಂಪು'ವಿನಲ್ಲಿಯೂ ಬರುವ ಆ ಬೆಸ್ತನು, ಬಲೆಗೆ ಬಿದ್ದ ಮೊದಲ ಮೀನನ್ನು ಬಿಟ್ಟುಬಿಡುವ ವ್ರತವನ್ನು ಮುನಿಗಳಿಂದ ಪಡೆದನು. ಅಂದು ಅದೇ ಮೀನು ಐದು ಬಾರಿ ಬಲೆಗೆ ಬಿದ್ದಿತು. ಐದು ಬಾರಿಯೂ ಬಿಟ್ಟನು. ಅದರ ಫಲವಾಗಿ ಮರುಜನ್ಮದಲ್ಲಿ ಐದು ಬಾರಿ ಮೃತ್ಯುಮುಖದಿಂದ ಪಾರಾದನು. ಬೆಸ್ತನಿಗೆ ಒಪ್ಪಿದ್ದು ಶ್ರಾವಕನಿಗೆ ಏಕೆ ಒಪ್ಪದು? ಬಿಟ್ಟದ್ದು ಯಾರು, ಎಲ್ಲಿಂದ ಎಲ್ಲಿಗೆ ಹೆಜ್ಜೆಯಿಟ್ಟು ಎಂಬುದು ಇಲ್ಲಿಯ ಉತ್ತರ. ಮೀನೇ ಜೀವನೋಪಾಯವಾದವನು ಹೊಟ್ಟೆಯ ಮೇಲೆ ತಣ್ಣೀರು ಬಟ್ಟೆ ಹಾಕಿಕೊಂಡು ಬಿಟ್ಟನು. ಬರಿಗೈಯಲ್ಲಿ ಮನೆಗೆ ಹೋಗಿ ಹೆಂಡತಿಯ ಬಾಯಿಗೆ ಸಿಕ್ಕಿದನು. ಅವನು ಹಿಂಸೆಯಿಂದ ಹೊರಗೆ ಬರುತ್ತಿದ್ದನು. ಹುಟ್ಟಿನಿಂದ ಮೀನನ್ನೇ ಮುಟ್ಟದ ಮನೆಯ ಹುಡುಗ ಕೋಲು ಕೊಂಡು ಹೊಳೆಗಿಳಿದರೆ ಅದೇ ಮೆಟ್ಟಿಲಿನಲ್ಲಿ ಕೆಳಗಿಳಿಯುತ್ತಾನೆ. ಇಬ್ಬರೂ ಒಂದೇ ಮೆಟ್ಟಿಲ ಮೇಲೆ ಕ್ಷಣಕಾಲ ನಿಂತಂತೆ ಕಂಡರೆ ಅದು ನೋಡುವವರ ಭ್ರಮೆ.

ಗಾಳಗಾರರ ಇನ್ನೊಂದು ವಾದಕ್ಕೆ ಮಾತ್ರ ಗೌರವದಿಂದ ಕಿವಿಗೊಡಬೇಕು. ನದಿಯನ್ನು ಕಾದವರು ತಾವೇ ಎನ್ನುತ್ತಾರೆ. ಇದರಲ್ಲಿ ಸತ್ಯಾಂಶವಿದೆ. ಅಣೆಕಟ್ಟು, ಮರಕಡಿತಗಳಿಂದ ಹಾಳಾದ ಹೊಳೆಗಳ ಪರವಾಗಿ ಅವರು ಹೋರಾಡಿದ್ದಾರೆ. ಎಲ್ವಾ ನದಿಯ ಎರಡು ಅಣೆಕಟ್ಟುಗಳನ್ನು 2011ರಿಂದ 2014ರ ಅವಧಿಯಲ್ಲಿ ಕಿತ್ತುಹಾಕಿದಾಗ ಮೂಲನಿವಾಸಿಗಳ ದೀರ್ಘ ಹೋರಾಟದೊಡನೆ ಅವರ ಧ್ವನಿಯೂ ಇತ್ತು. ಆದರೂ ಪ್ಯೂಜೆಟ್ ಸೌಂಡ್ ಪ್ರದೇಶದ ಸ್ಟೀಲ್‌ಹೆಡ್ 2007ರಲ್ಲಿ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿ ಸೇರಿತು. 2022ರ ಮಾರ್ಚ್ ತಿಂಗಳಲ್ಲಿ ವಾಷಿಂಗ್ಟನ್ ಕರಾವಳಿಯ ನದಿಗಳನ್ನು ಸ್ಟೀಲ್‌ಹೆಡ್ ಗಾಳಕ್ಕೆ ಅವಧಿಗೆ ಮೊದಲೇ ಮುಚ್ಚಬೇಕಾಯಿತು. ಬಿಟ್ಟ ಮೀನುಗಳಲ್ಲಿ ಒಂದು ಪಾಲನ್ನು ಸತ್ತವೆಂದೇ ಸರ್ಕಾರ ಲೆಕ್ಕ ಹಿಡಿಯುತ್ತದೆ. ಸಂಖ್ಯೆ ಕುಸಿದಾಗ ಆ ಪಾಲೂ ಭಾರವಾಗುತ್ತದೆ. ನದಿಯ ಮೇಲಿನ ಪ್ರೀತಿ ದಿಟವಾದರೆ ಅದು ಕೊಕ್ಕೆಯ ಮೂಲಕವೇ ಹಾಯಬೇಕೆಂಬ ನಿರ್ಬಂಧವೇನು?

ಇದೇ ವಾದ ಕರ್ನಾಟಕದಲ್ಲಿಯೂ ಕೇಳಿಬಂದಿದೆ. ಕಾವೇರಿಯ ಭೀಮೇಶ್ವರಿಯ ಸುತ್ತ ಮಹಶೀರ್ ಮೀನಿಗೆ ಹಿಡಿದು ಬಿಡುವ ಗಾಳ ಬಹುವರ್ಷ ನಡೆದು, ಅದು ವನ್ಯಜೀವಿಧಾಮವಾದ್ದರಿಂದ 1972ರ ವನ್ಯಜೀವಿ ಕಾಯ್ದೆಯ ಕಾರಣ ನಿಂತುಹೋಯಿತು. ಗಾಳಗಾರರ ಕಾವಲು ತಪ್ಪಿದ ಮೇಲೆ ಸಿಡಿಮದ್ದಿನ ಕಳ್ಳರು ಹೆಚ್ಚಿದರೆಂದು ಅವರ ದೂರು. ಕಾವೇರಿ ಕೊಳ್ಳದ ಆ ಡುಬ್ಬದ ಮಹಶೀರ್ 2018ರಲ್ಲಿ ತೀವ್ರ ವಿನಾಶದಂಚಿನ ಜೀವಿಗಳ ಜಾಗತಿಕ ಪಟ್ಟಿಗೆ ಸೇರಿರುವುದರಿಂದ ಕಾವಲು ಬೇಕೆಂಬ ಮಾತು ಸರಿ. ಕಾವಲಿಗೆ ಗಾಳ ಬೇಕೆಂಬುದು ಸರಿಯಲ್ಲ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ, ಶೃಂಗೇರಿಯ ತುಂಗೆಯಲ್ಲಿ ಮಹಶೀರ್‌ಗಳು ತಲೆಮಾರುಗಳಿಂದ ದೇವರ ಮೀನುಗಳಾಗಿ ಉಳಿದು ಬಂದಿವೆ. ಶಿಶಿಲದಲ್ಲಿ 1996ರಲ್ಲಿ ದುರುಳರು ನೀರಿಗೆ ವಿಷ ಬೆರೆಸಿ ಅಸಂಖ್ಯ ಮೀನುಗಳನ್ನು ಕೊಂದಾಗ ಊರಿನವರು ಬಂಧುಗಳನ್ನು ಕಳೆದುಕೊಂಡವರಂತೆ ದುಃಖಿಸಿ ಸ್ಮಾರಕ ಕಟ್ಟಿದರು. ಆ ಊರಿನಲ್ಲಿ ಮೀನನ್ನು ನೋಡುವ ಆನಂದಕ್ಕೆ ಮೆಟ್ಟಿಲು, ಒಂದು ಹಿಡಿ ಅರಳು ಸಾಕಾಗಿದೆ.

ಗಾಳಗಾರರ ಪರಂಪರೆಯೊಳಗಿಂದಲೇ ಒಬ್ಬನು ಈ ಕಡೆಗೆ ಬಹುದೂರ ನಡೆದು ಬಂದದ್ದುಂಟು. ಆರೆಗಾನಿನ ಲೀ ಸ್ಪೆನ್ಸರ್ ಸ್ಟೀಲ್‌ಹೆಡ್ ಗಾಳದಲ್ಲಿ ನುರಿತವನು. ಆತ ತನ್ನ ನೊಣಗಳ ಕೊಕ್ಕೆಯ ಮೊನೆಯನ್ನೇ ಕತ್ತರಿಸಿಹಾಕಿದನು. ಮೀನು ಬಂದು ಮುಟ್ಟಿ, ಬಿಟ್ಟುಹೋಗುತ್ತಿತ್ತು. ಉತ್ತರ ಅಂಪ್‌ಕ್ವಾ ನದಿಯ ಉಪನದಿಯಾದ ಸ್ಟೀಮ್‌ಬೋಟ್ ತೊರೆಯ ಮಡುವೊಂದರಲ್ಲಿ ಬೇಸಿಗೆಯ ಸ್ಟೀಲ್‌ಹೆಡ್‌ಗಳು ನೂರಾರು ಸಂಖ್ಯೆಯಲ್ಲಿ ತಂಗುತ್ತವೆ. ಹಿಂದೆ ಕಳ್ಳರು ಸಿಡಿಮದ್ದು ಹಾಕುತ್ತಿದ್ದ ಆ ಮಡುವಿನ ದಡದಲ್ಲಿ ಆತ 1999ರಿಂದ ವರ್ಷವರ್ಷವೂ ತಿಂಗಳುಗಟ್ಟಲೆ ಬೀಡುಬಿಟ್ಟು, ಮೀನುಗಳನ್ನು ಕಾಯುತ್ತ, ಅವುಗಳ ಚಲನವಲನವನ್ನು ಬರೆದಿಡುತ್ತ ಕುಳಿತನು. ಮೊನೆಯಿಲ್ಲದ ನೊಣದಲ್ಲಿಯೂ ವಂಚನೆಯುಂಟು, ಮಾಯಾಕಷಾಯವುಂಟು. ಶ್ರಾವಕನಿಗೆ ಅದೂ ಬೇಡ. ಮಡುವಿನ ದಡದ ಆ ಕಾವಲು ಮಾತ್ರ ಯಾವ ಬಸದಿಯ ಜೀವದಯಾ ನಿಧಿಗೂ ಯೋಗ್ಯವಾದ ಕಾರ್ಯ.

ಹೊರದೇಶದ ಮಕ್ಕಳಿಗೆ ಪಾಠಶಾಲೆ ನಡೆಸುವವರು ಅಹಿಂಸೆಯ ಪಾಠವನ್ನು ಊಟದ ತಟ್ಟೆಗೇ ನಿಲ್ಲಿಸದೆ, ಐದು ಅತಿಚಾರಗಳನ್ನು ಇಂಥ ಉದಾಹರಣೆಗಳೊಡನೆ ಬಿಡಿಸಿ ಹೇಳಬೇಕು. ಹುಟ್ಟುಹಬ್ಬಕ್ಕೆ ನೊಣ ಕಟ್ಟುವ ಪೆಟ್ಟಿಗೆಯನ್ನು ಉಡುಗೊರೆ ಕೊಡುವವರು, ಹಿಂಸೆಯ ಉಪಕರಣವನ್ನು ಕೊಡುವುದು ಅನರ್ಥದಂಡದಲ್ಲಿ ಹಿಂಸಾದಾನವೆನಿಸುತ್ತದೆಂಬುದನ್ನು ಅರಿತಿರಬೇಕು. ಟ್ರಸ್ಟುಗಳವರಿಗೂ ಒಂದು ಮಾತು ಸಲ್ಲುತ್ತದೆ. ಬಸದಿಗೆ ಸೇರಿದ ಕೆರೆಯನ್ನೋ ಹೊಳೆಯ ಬದಿಯ ಜಮೀನನ್ನೋ ಪ್ರವಾಸಿ ತಂಗುದಾಣಕ್ಕೆ ಕೇಳಿಕೊಂಡು ಬರುವವರು "ಇಲ್ಲಿ ಮೀನು ಕೊಲ್ಲುವುದಿಲ್ಲ" ಎಂದು ಸಂತೋಷದಿಂದಲೇ ಬರೆದುಕೊಟ್ಟಾರು. ಆ ಸಾಲನ್ನು ಓದಿ ಸಹಿ ಹಾಕುವ ಮೊದಲು, ಗಾಳವನ್ನೇ ಹಾಕಕೂಡದೆಂಬ ಷರತ್ತು ಕರಾರುಪತ್ರದಲ್ಲಿ ಇದೆಯೆ ಎಂದು ನೋಡಿಕೊಳ್ಳಬೇಕು, ಇಲ್ಲದಿದ್ದರೆ ಸೇರಿಸಬೇಕು.